ಜ್ವರ ಬಿಟ್ಟ ಮೇಲೆ ಯಾರ ಹೊಣೆ?

ಕಳೆದ ಶೇಂಗಾ ಸುಗ್ಗಿಯಲ್ಲಿ ಸಂಘದ ಸಭೆಗೆಂದು ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹೊಲದ ಬದುವಿನ ಮೇಲೆ ಹೆಂಗಸರು ಸಾಲಾಗಿ ಕುಳಿತು ಕಿತ್ತ ಗಿಡಗಳಿಂದ ಕಾಯಿ ಬಿಡಿಸುತ್ತಿದ್ದರು. ಅದು ದಿನಗೂಲಿಯಲ್ಲ, ಬಿಡಿಸಿದಷ್ಟಕ್ಕೆ ಅಳತೆಯ ಮೇಲೆ ಕೂಲಿ. ಸಾಲಿನ ತುದಿಯಲ್ಲಿದ್ದ ಒಬ್ಬಾಕೆ ಮಾತ್ರ ಕಾಯಿಯನ್ನು ಬೆರಳಿನಿಂದ ಕೀಳದೆ ಅಂಗೈಯಲ್ಲಿ ಒತ್ತಿ ಹಿಡಿದು, ಮಣಿಕಟ್ಟು ತಿರುಗಿಸಿ ಎಳೆಯುತ್ತಿದ್ದರು. ಪಕ್ಕದವರು ಎರಡು ಡಬ್ಬ ತುಂಬುವ ಹೊತ್ತಿಗೆ ಅವರದು ಅರ್ಧ ಡಬ್ಬವೂ ತುಂಬಿರಲಿಲ್ಲ.

"ಕೈಗೆ ಏನಾಯಿತಕ್ಕ?" ಎಂದು ಕೇಳಿದೆ.

"ಚಿಕೂನ್‌ಗುನ್ಯಾ ಅಂದ್ರು ಮೇಷ್ಟ್ರೇ. ನಾಲ್ಕು ತಿಂಗಳಾತು. ಜ್ವರ ಬಿಡ್ತು, ನೋವು ಬಿಡಲಿಲ್ಲ. ಬೆಳಗ್ಗೆ ಎದ್ರೆ ಹಿಡಿ ಕಟ್ಟೋಕಾಗಲ್ಲ" ಎಂದರು. ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ವೈದ್ಯರು ಮಾತ್ರೆಯ ಹೆಸರಿನ ಕೆಳಗೆ ಅಚ್ಚುಕಟ್ಟಾಗಿ ಮೂರು ಮಾತು ಬರೆದಿದ್ದರು: ವಿಶ್ರಾಂತಿ, ಪೌಷ್ಟಿಕ ಆಹಾರ, ವ್ಯಾಯಾಮ. ಓದಿ ಹೇಳಿದೆ. ಆಕೆ ಕೇಳಿದ ಪ್ರಶ್ನೆ ಇದು: "ಮಾತ್ರೆ ಔಷಧಿ ಅಂಗಡೀಲಿ ಸಿಗ್ತು. ಈ ಮೂರು ಯಾವ ಅಂಗಡೀಲಿ ಸಿಗ್ತಾವೆ ಮೇಷ್ಟ್ರೇ?"

ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆಂದೇ ಈ ಲೇಖನ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಹತ್ತನೆಯ ತರಗತಿ ಪಾಸು ಮಾಡಿ ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಆದರೆ ಆ ವೈದ್ಯರು ಬರೆದದ್ದು ತಪ್ಪಲ್ಲವೆಂದು ಬಲ್ಲೆ. ಅವರು ಬರೆದ ಮೂರೂ ಔಷಧಿಗಳೇ. ಮಾತ್ರೆಯನ್ನು ಔಷಧಿಯೆಂದು ಒಪ್ಪಿ ಆಸ್ಪತ್ರೆಯಲ್ಲಿ ಕೊಡುವ ಸರ್ಕಾರ, ಅನ್ನವನ್ನೂ ಬಿಡುವನ್ನೂ ಅಂಗಸಾಧನೆಯನ್ನೂ ಉಪದೇಶವೆಂದು ಬಗೆದು ರೋಗಿಯ ತಲೆಗೆ ಕಟ್ಟಿಬಿಟ್ಟಿದೆ. ತಪ್ಪಿರುವುದು ಅಲ್ಲಿ.

ಮೊದಲು ಕಾಯಿಲೆಯ ಸಂಗತಿ. ಇದನ್ನು 1952ರಲ್ಲಿ ಆಫ್ರಿಕದ ಅಂದಿನ ಟಾಂಗನೀಕದಲ್ಲಿ, ಅಂದರೆ ಇಂದಿನ ಟಾಂಜಾನಿಯದ ದಕ್ಷಿಣ ಭಾಗದಲ್ಲಿ, ಗುರುತಿಸಿದರು. ಹೆಸರು ಅಲ್ಲಿನ ಮಾಕೊಂಡೆ ಜನರ ಮಾತಿನಿಂದ ಬಂದದ್ದು. ಮೈಯನ್ನು ಬಗ್ಗಿಸಿ ಮುರುಟಿಸುವಂಥದು ಎಂದು ಅರ್ಥ. ನಮ್ಮ ದೇಶದಲ್ಲಿ 1963ರಲ್ಲಿ ಕಲ್ಕತ್ತದಲ್ಲಿ ಕಾಣಿಸಿಕೊಂಡಿತು. 1973ರ ನಂತರ ಮೂರು ದಶಕ ಸದ್ದಿಲ್ಲದಂತಿದ್ದು, 2005ರ ಕೊನೆಯಲ್ಲಿ ಮರಳಿ ಬಂತು. 2006ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಶಂಕಿತ ರೋಗಿಗಳು ಸುಮಾರು 13.9 ಲಕ್ಷ, ಅದರಲ್ಲಿ ಏಳೂವರೆ ಲಕ್ಷ ನಮ್ಮ ಕರ್ನಾಟಕದವರು. ಹರಡುವುದು ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆ. ಅದು ಮೊಟ್ಟೆಯಿಡುವುದು ಕೊಚ್ಚೆಯಲ್ಲಲ್ಲ, ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ. ನಲ್ಲಿಯಲ್ಲಿ ದಿನವೂ ನೀರು ಬರದ ಊರಿನಲ್ಲಿ ಬಡವರು ಡ್ರಮ್ಮು, ತೊಟ್ಟಿ, ಕೊಡಗಳಲ್ಲಿ ನೀರು ತುಂಬಿಡದೆ ಏನು ಮಾಡಬೇಕು? ಆ ಡ್ರಮ್ಮುಗಳನ್ನು ಮುಚ್ಚಿಡಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ ಎಂದು ನಾನೂ ಹೇಳುತ್ತೇನೆ. ಆದರೆ ನೀರು ಕೊಡಲಾರದ ಆಡಳಿತವೇ ನೀರು ತುಂಬಿಟ್ಟುದಕ್ಕೆ ಬಡವರನ್ನು ಗದರಿಸುವುದು ನ್ಯಾಯವಲ್ಲ.

ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಬೆರಳು, ಮಣಿಕಟ್ಟು, ಮೊಣಕಾಲು, ಕಾಲಿನ ಹರಡುಗಳ ನೋವು ಹಾಗೆ ಇಳಿಯುವುದಿಲ್ಲ. ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು. ಮೂರು ತಿಂಗಳ ಮೇಲೂ ಉಳಿದರೆ ಅದನ್ನು ದೀರ್ಘಕಾಲದ್ದೆಂದು ವೈದ್ಯರು ಕರೆಯುತ್ತಾರೆ. ಹೆಂಗಸರಿಗೂ ವಯಸ್ಸಾದವರಿಗೂ ಹಾಗೆ ಉಳಿಯುವುದು ಹೆಚ್ಚು. ಈ ವೈರಸ್ಸನ್ನು ಕೊಲ್ಲುವ ಮದ್ದು ಇಲ್ಲ. ಮದ್ದಿಲ್ಲದ ಕಾಯಿಲೆಯಲ್ಲಿ ದೇಹ ತಾನೇ ಎದ್ದು ನಿಲ್ಲಬೇಕು; ಎದ್ದು ನಿಲ್ಲಲು ಅದಕ್ಕೆ ಊರುಗೋಲು ಬೇಕು. ಚೀಟಿಯ ಮೂರು ಮಾತುಗಳು ಆ ಊರುಗೋಲು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿಲ್ಲ. 2006ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಕೇರಿಯಲ್ಲಿ ಮನೆಗಿಬ್ಬರು ಮಲಗಿದ್ದರು. ಎದ್ದವರು ಗೋಡೆ ಹಿಡಿದು ನಡೆಯುತ್ತಿದ್ದರು. ನಮ್ಮವ್ವನಿಗೂ ಬಂತು. ಜ್ವರ ಬಿಟ್ಟು ತಿಂಗಳಾದರೂ ಆಕೆ ಒಲೆಯ ಮುಂದಿನಿಂದ ಏಳಲು ಯಾರಾದರೂ ಕೈ ಕೊಡಬೇಕಾಗಿತ್ತು. ಸಂತೆಯ ದಿನ ಬರುತ್ತಿದ್ದ ಒಬ್ಬ ಸೂಜಿ ವೈದ್ಯನ ಬಳಿ ವಾರಕ್ಕೊಂದು ಇಂಜೆಕ್ಷನ್ ಹಾಕಿಸಿದೆವು. ಹಾಕಿಸಿದ ಎರಡು ದಿನ ಹಗುರ, ಮೂರನೆಯ ದಿನ ಮತ್ತೆ ಅದೇ ನೋವು. ಕಿವಿಯ ಓಲೆ ಅದಕ್ಕೇ ಹೋಯಿತು. ಮೇಲೆ ನೆಂಟರಿಷ್ಟರ ಪಥ್ಯ: ಶೇಂಗಾ ನಂಜು, ಮೊಟ್ಟೆ ನಂಜು, ಅವರೆಕಾಳು ವಾಯು, ಮೊಸರು ಶೀತ. ಎರಡು ತಿಂಗಳು ಗಂಜಿ, ಉಪ್ಪಿನಕಾಯಿಯ ಮೇಲೆ ಬದುಕಿದ ಆಕೆಯ ತೋಳು ಕೋಲಿನಂತಾಯಿತು. ಹದಿನೈದು ವರ್ಷದ ನಾನು, "ಜ್ವರ ಹೋಗಿ ಎಷ್ಟು ದಿನವಾಯಿತು, ಇನ್ನೂ ಏನು ಮಲಗುವುದು?" ಎಂದು ಒಂದು ದಿನ ರೇಗಿಬಿಟ್ಟೆ. ಆಕೆ ಮಾತಾಡಲಿಲ್ಲ; ಎದ್ದು ಬಿಂದಿಗೆ ತೆಗೆದುಕೊಂಡು ನೀರಿಗೆ ಹೋದಳು. ದಾರಿಯಲ್ಲಿ ಬಿಂದಿಗೆ ಕೈಜಾರಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಜ್ವರ ಬಿಟ್ಟಿತೆಂದರೆ ಕಾಯಿಲೆ ಬಿಟ್ಟಿತೆಂಬ ಅಂದಿನ ನನ್ನ ಲೆಕ್ಕವೇ ಇಂದಿನ ಸರ್ಕಾರದ ಲೆಕ್ಕ. ನನಗೆ ಆಗ ಹದಿನೈದು ವರ್ಷ, ಸರ್ಕಾರಕ್ಕೆ ಆ ನೆಪವಿಲ್ಲ.

ಈಗ ಚೀಟಿಯ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಆಹಾರ. ಜ್ವರ ಬಂದ ದೇಹ ತನ್ನ ಮಾಂಸಖಂಡಗಳನ್ನೇ ಕರಗಿಸಿ ಉರಿಸುತ್ತದೆ. ಹಾಸಿಗೆ ಹಿಡಿದರೆ ಅವು ಇನ್ನೂ ಸೊರಗುತ್ತವೆ. ಅದನ್ನು ಮತ್ತೆ ಕಟ್ಟುವುದು ಪ್ರೋಟೀನು. ಆರೋಗ್ಯವಂತರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ 0.83 ಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಮಾಡಿತು. ಕಾಯಿಲೆಯಿಂದ ಸವೆದವರಿಗೆ 1.2 ಗ್ರಾಂವರೆಗೆ ಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. 50 ಕಿಲೋ ತೂಕದ ಹೆಂಗಸಿಗೆ ಇದು ದಿನಕ್ಕೆ 60 ಗ್ರಾಂ ಆಯಿತು. 2013ರ ಆಹಾರ ಭದ್ರತಾ ಕಾನೂನು ಬಡ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಗೊತ್ತುಮಾಡಿತು. ದಿನಕ್ಕೆ 167 ಗ್ರಾಂ. ಅಷ್ಟು ಅಕ್ಕಿಯಲ್ಲಿರುವ ಪ್ರೋಟೀನು ಸುಮಾರು 13 ಗ್ರಾಂ. ಅಕ್ಕಿಯನ್ನು ಇಮ್ಮಡಿ ಮಾಡಿದರೂ 26 ಗ್ರಾಂ. ಹೊಟ್ಟೆ ತುಂಬೀತು, ಕೈಗೆ ಬಲ ಬಾರದು.

ಉಳಿದದ್ದು ಎಲ್ಲಿಂದ ಬರಬೇಕು? ಅದಕ್ಕೆ ಅಮೆರಿಕದ ಡಬ್ಬಿಯ ಪುಡಿ ಬೇಕಾಗಿಲ್ಲ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 7 ಗ್ರಾಂ, ಜೊತೆಗೆ ಮೂಳೆಗೆ ಬೇಕಾದ ಸುಣ್ಣದಂಶ ಬೇರಾವ ಧಾನ್ಯದಲ್ಲೂ ಇಲ್ಲದಷ್ಟು. 50 ಗ್ರಾಂ ತೊಗರಿಬೇಳೆಯಲ್ಲಿ 11, 50 ಗ್ರಾಂ ಹುರುಳಿಯಲ್ಲಿ 11, ಒಂದು ಹಿಡಿ ಶೇಂಗಾದಲ್ಲಿ, ಅಂದರೆ 30 ಗ್ರಾಂನಲ್ಲಿ, 7, ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6. ರೇಷನ್ನಿನ ಅಕ್ಕಿಯ 13 ಸೇರಿಸಿದರೆ 61 ಗ್ರಾಂ. ಲೆಕ್ಕ ಮುಟ್ಟಿತು. ಇದರಲ್ಲಿ ನಮ್ಮ ಬಯಲುಸೀಮೆಯವರಿಗೆ ಗೊತ್ತಿಲ್ಲದ ಪದಾರ್ಥ ಒಂದಾದರೂ ಇದೆಯೇ? ಹುರುಳಿಯ ಕಟ್ಟನ್ನು ಮಾತ್ರ ಸಾರು ಮಾಡಿ ಕಾಳನ್ನು ಗಂಡಸರ, ಮಕ್ಕಳ ತಟ್ಟೆಗೆ ಹಾಕಿ, ಕೊನೆಗೆ ಉಣ್ಣುವ ಹೆಂಗಸು ನೀರು ಸಾರು ಸುರಿದುಕೊಳ್ಳುವ ಪದ್ಧತಿ ನಿಲ್ಲಬೇಕು. ಬಲವಿರುವುದು ಕಾಳಿನಲ್ಲಿ. ಕಾಳನ್ನು ಮೊಳಕೆ ಬರಿಸಿ, ನುಗ್ಗೆಸೊಪ್ಪು ಹಾಕಿ ಬೇಯಿಸಿ, ಮೇಲೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣದಂಶವೂ ಮೈಗೆ ಹತ್ತುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಅಳತೆ ಗೊತ್ತುಮಾಡಿಕೊಳ್ಳಲಿ. ಉಳಿದವರಿಗೆ ಮೊಟ್ಟೆಯಿಂದ, ಶೇಂಗಾದಿಂದ, ಕಾಳಿನಿಂದ ಕೀಲುನೋವು ಹೆಚ್ಚುತ್ತದೆಂಬ ಪಥ್ಯದ ಮಾತಿಗೆ ಆಧಾರವಿಲ್ಲ. ಶೇಂಗಾ ಬಿಡಿಸುವ ಕೂಲಿಯವಳಿಗೇ ಶೇಂಗಾ ನಂಜೆಂದು ಹೇಳಿ, ಅದೇ ಶೇಂಗಾ ಲಾರಿ ಹತ್ತಿ ಗಾಣಕ್ಕೆ ಹೋಗುವುದನ್ನು ನೋಡುತ್ತಿರುವ ನಾವು ಎಂಥ ಜನ!

ಬಾಟಲಿ ಏರಿಸಿಕೊಳ್ಳುವ ಹುಚ್ಚಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಶ್ಶಕ್ತಿಯೆಂದು ಹೋದವರಿಗೆ ಏರಿಸುವ 500 ಮಿಲಿಲೀಟರಿನ ಗ್ಲೂಕೋಸು ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ, ಉಳಿದದ್ದು ನೀರು. ಅದರ ಶಕ್ತಿ 100 ಕ್ಯಾಲೋರಿಗೆ ಮೀರದು. 100 ಗ್ರಾಂ ರಾಗಿಹಿಟ್ಟಿನಲ್ಲಿ ಅದರ ಮೂರರಷ್ಟಿದೆ. ವಾಂತಿಭೇದಿಯಾಗಿ ನೀರು ಇಂಗದವರಿಗೆ ಬಾಟಲಿ ಪ್ರಾಣ ಉಳಿಸುತ್ತದೆ. ಬಾಯಲ್ಲಿ ಉಣ್ಣಬಲ್ಲವರಿಗೆ ಅದು ದುಡ್ಡಿನ ದಂಡ. ಎರಡು ದಿನ ನೋವು ಮರೆಸುವ ಹೆಸರಿಲ್ಲದ ಇಂಜೆಕ್ಷನ್ನು ಬಹಳ ಸಲ ಸ್ಟೀರಾಯ್ಡ್. ಬಲ್ಲ ವೈದ್ಯರು ಅಳೆದು ಕೊಟ್ಟರೆ ಅದಕ್ಕೂ ಜಾಗವುಂಟು. ಸಂತೆಯಲ್ಲಿ ವಾರವಾರ ಚುಚ್ಚಿಸಿಕೊಂಡರೆ ಸಕ್ಕರೆ ಕಾಯಿಲೆ ಏರುತ್ತದೆ, ಮೂಳೆ ಸವೆಯುತ್ತದೆ, ಬೇರೆ ರೋಗಗಳನ್ನು ತಡೆಯುವ ಶಕ್ತಿ ಕುಂದುತ್ತದೆ. ಜ್ವರದ ಮೊದಲ ದಿನಗಳಲ್ಲಿ ಡೆಂಗ್ಯೂ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವದ ಅಪಾಯವಿದೆ.

ವಿಶ್ರಾಂತಿ. ಇದು ಚೀಟಿಯಲ್ಲಿ ಬರೆಯಲು ಎಲ್ಲಕ್ಕಿಂತ ಸುಲಭವಾದ ಮಾತು, ಕೊಳ್ಳಲು ಎಲ್ಲಕ್ಕಿಂತ ದುಬಾರಿಯಾದ ವಸ್ತು. ದಿನಕ್ಕೆ 400 ರೂಪಾಯಿ ಕೂಲಿಯೆಂದಿಟ್ಟುಕೊಳ್ಳಿ. ತಿಂಗಳಿಗೆ ಇಪ್ಪತ್ತು ದಿನ ತಪ್ಪಿದರೆ 8 ಸಾವಿರ, ಮೂರು ತಿಂಗಳಿಗೆ 24 ಸಾವಿರ. ಅಷ್ಟು ಸಾಲ ತಂದರೆ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ, ಬಡ್ಡಿಯೇ 720. ಜ್ವರ ಬಿಟ್ಟ ಮೇಲೆ ಸಾಲ ಹಿಡಿಯಿತು. ಆದುದರಿಂದ ಆಕೆ ವಿಶ್ರಾಂತಿ ಮಾಡುವುದಿಲ್ಲ. ಹಿಡಿ ಕಟ್ಟದ ಕೈಯಲ್ಲೇ ಹೊಲಕ್ಕೆ ಹೋಗುತ್ತಾಳೆ. ಮನೆಯೊಳಗಿನ ದುಡಿಮೆಗಂತೂ ರಜವೇ ಇಲ್ಲ. ಗಂಡಸು ಮಲಗಿದರೆ ರೋಗಿ. ಹೆಂಗಸು ಮಲಗಿದರೆ ಒಲೆ ಹಚ್ಚುವವರು ಯಾರೆಂಬ ಪ್ರಶ್ನೆ. ಈ ಮಾತು ನಮ್ಮ ಪಕ್ಷದ ಕಾರ್ಯಕರ್ತರ ಮನೆಗಳಿಗೂ ಅನ್ವಯಿಸುತ್ತದೆ. ಸಮಾನತೆಯ ಭಾಷಣ ಮಾಡಿ ಮನೆಗೆ ಬಂದು ನೀರಿನ ಕೊಡ ಮುಟ್ಟದವರು ಮೊದಲು ಅದನ್ನು ಎತ್ತಲಿ.

ಕಾಯಿಲೆ ಬಿದ್ದ ದುಡಿಮೆಗಾರನಿಗೆ ಕೂಲಿ ಕೊಡುವುದು ಹೊಸ ಕಲ್ಪನೆಯೇನಲ್ಲ. 1948ರ ಇ.ಎಸ್.ಐ. ಕಾನೂನಿನಿಂದ ಬಂದ ವ್ಯವಸ್ಥೆಯಲ್ಲಿ ವಿಮೆಗೆ ಒಳಪಟ್ಟ ಕಾರ್ಖಾನೆಯ ಕೆಲಸಗಾರನಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ. 2005ರ ಉದ್ಯೋಗ ಖಾತರಿ ಕಾನೂನು ಕೆಲಸದ ಜಾಗದಲ್ಲಿ ಗಾಯವಾಗಿ ಆಸ್ಪತ್ರೆ ಸೇರಿದವರಿಗೆ ಅರ್ಧ ಕೂಲಿ ಗೊತ್ತುಮಾಡಿತ್ತು. ಹಾರೆ ತಗುಲಿದರೆ ಗಾಯ, ಸೊಳ್ಳೆ ಕಚ್ಚಿದರೆ ಹಣೆಬರಹ ಎಂಬುದು ಯಾವ ನ್ಯಾಯ? ಊರಿಗೆಲ್ಲ ಅನ್ನ ಬೆಳೆಯುವ ಕೃಷಿ ಕೂಲಿಕಾರರಿಗೆ ಕಾಯಿಲೆಯ ಕೂಲಿಯೇಕಿಲ್ಲ? ಕಾರ್ಖಾನೆಯವರಿಗೆ ಸಂಘವಿತ್ತು, ಹೊಡೆದಾಡಿ ಪಡೆದರು. ಹೊಲದವರು ಚದುರಿದ್ದರು, ಪಡೆಯಲಿಲ್ಲ. ಬೇರೆ ಕಾರಣ ನನಗೆ ಕಾಣುವುದಿಲ್ಲ.

ವ್ಯಾಯಾಮ. ನೋಯುವ ಕೀಲಿಗೆ ವ್ಯಾಯಾಮವೇ ಎಂದು ನಗುವವರಿದ್ದಾರೆ. ಈ ನಗೆಗೆ ಹಳೆಯ ಉತ್ತರವೊಂದಿದೆ. ಪೋಲಿಯೋ ಸಹ ವೈರಸ್ಸಿನ ಕಾಯಿಲೆಯೇ. ಒಂದು ಕಾಲದಲ್ಲಿ ಪೋಲಿಯೋ ಆದ ಮಕ್ಕಳ ಕೈಕಾಲುಗಳನ್ನು ದಬ್ಬೆ ಕಟ್ಟಿ ಅಲುಗಾಡದಂತೆ ಇರಿಸುತ್ತಿದ್ದರು. ಎಲಿಜಬೆತ್ ಕೆನ್ನಿ ಎಂಬ ಆಸ್ಟ್ರೇಲಿಯದ ದಾದಿ, ವೈದ್ಯಕೀಯ ಪದವಿಯಿಲ್ಲದಾಕೆ, ದಬ್ಬೆ ಬಿಚ್ಚಿ ಬಿಸಿ ಉಣ್ಣೆಬಟ್ಟೆಯ ಶಾಖ ಕೊಟ್ಟು ಮೆಲ್ಲಮೆಲ್ಲನೆ ಅಂಗಗಳನ್ನು ಆಡಿಸಿದಳು. ದೊಡ್ಡ ವೈದ್ಯರು ಹೀಗಳೆದರು. 1940ರಲ್ಲಿ ಆಕೆ ಅಮೆರಿಕಕ್ಕೆ ಹೋಗಿ ಮಿನಿಯಾಪೊಲಿಸ್ ನಗರದಲ್ಲಿ ಮಾಡಿ ತೋರಿಸಿದ ಮೇಲೆ ಪದ್ಧತಿ ಬದಲಾಗತೊಡಗಿತು. ಚಿಕೂನ್‌ಗುನ್ಯಾದ ವಿಷಯದಲ್ಲೂ ಬ್ರೆಜಿಲ್ ದೇಶದಲ್ಲಿ ದೀರ್ಘಕಾಲ ನೋವುಂಡವರಿಗೆ ಹನ್ನೆರಡು ವಾರ ಕ್ರಮವಾಗಿ ಅಂಗಸಾಧನೆ ಮಾಡಿಸಿ ನೋಡಿದ್ದಾರೆ. ರಬ್ಬರ್ ಪಟ್ಟಿ ಎಳೆಸುವಂಥ ಸರಳ ಸಾಧನೆ. ಮಾಡಿದವರಿಗೆ ನೋವು ಕಡಿಮೆಯಾಗಿ ಓಡಾಟ ಸುಲಭವಾದುದು ಕಂಡುಬಂದಿದೆ.

ನಮ್ಮ ಹಳ್ಳಿಯಲ್ಲಿ ಮಾಡಬಹುದಾದದ್ದು ಇಷ್ಟು. ಕೀಲು ಊದಿ ಕೆಂಪಾಗಿ ಬಿಸಿಯಾಗಿರುವ ಮೊದಲ ದಿನಗಳಲ್ಲಿ ತಣ್ಣೀರಿನ ಬಟ್ಟೆ ಹಾಕಿ ಕೀಲಿಗೆ ಬಿಡುವು ಕೊಡಬೇಕು. ಊತ ಇಳಿದ ಮೇಲೆ ಬೆಳಗ್ಗೆ ಬೆಚ್ಚನೆಯ ನೀರಿನಲ್ಲಿ ಕೈಯಿಟ್ಟು ಬೆರಳುಗಳನ್ನು ನಿಧಾನವಾಗಿ ಮಡಿಸಿ ಬಿಡಿಸಬೇಕು. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟಬೇಕು. ಮಣಿಕಟ್ಟನ್ನೂ ಕಾಲಿನ ಹರಡನ್ನೂ ಸುತ್ತು ತಿರುಗಿಸಬೇಕು. ಕೆಲವು ದಿನಗಳ ಮೇಲೆ ಸುರುಳಿ ಸುತ್ತಿದ ಹಳೆಯ ಬಟ್ಟೆಯನ್ನು ಹಿಂಡುವುದು, ಜಗಲಿಯ ಮೇಲಿಂದ ಕೈಯೂರದೆ ಎದ್ದು ಕೂರುವುದು, ಮನೆಯಿಂದ ಬೀದಿಯ ಕೊನೆಯವರೆಗೆ ನಡೆದು ಬರುವುದು. ಮೊದಲು ಐದು ಸಲ, ಆಮೇಲೆ ಹತ್ತು ಸಲ. ಇದಕ್ಕೆಲ್ಲ ಒಂದೇ ಅಳತೆಗೋಲು: ಇವತ್ತು ಮಾಡಿದ್ದರಿಂದ ನಾಳೆ ನೋವೋ ಸುಸ್ತೋ ಹೆಚ್ಚಿದರೆ ಅದು ಅತಿಯಾಯಿತು, ನಾಳೆ ಕಡಿಮೆ ಮಾಡಬೇಕು. ಕೋವಿಡ್ಡಿನ ನಂತರ ತಿಂಗಳುಗಟ್ಟಲೆ ಸುಸ್ತಿನಿಂದ ನರಳಿದವರಿಗೆ ಈ ಎಚ್ಚರ ಇನ್ನೂ ಮುಖ್ಯ. ಅವರಲ್ಲಿ ಹಲವರಿಗೆ ಹಟ ಹಿಡಿದು ಮೈದಂಡಿಸಿದರೆ ದಿನಗಟ್ಟಲೆ ಮೇಲೇಳಲಾಗುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ದುಡಿ ಎಂಬ ಧಣಿಗಳ ಬುದ್ಧಿವಾದ ಇಲ್ಲಿ ರೋಗವನ್ನೇ ಬೆಳೆಸುತ್ತದೆ. ಮೂರು ತಿಂಗಳ ಮೇಲೂ ಕೀಲು ಊದಿಯೇ ಇದ್ದರೆ ಮನೆಮದ್ದು ಸಾಲದು. ಸಂಧಿವಾತದಂತೆ ತಿರುಗಿರಬಹುದು, ಅದಕ್ಕೆ ಬೇರೆ ಔಷಧಿಗಳಿವೆ, ದೊಡ್ಡಾಸ್ಪತ್ರೆಗೆ ಹೋಗಲೇಬೇಕು.

ಆದರೆ ಇದನ್ನು ಕೈಹಿಡಿದು ಕಲಿಸುವವರು ಎಲ್ಲಿದ್ದಾರೆ? ಫಿಜಿಯೋಥೆರಪಿಯವರು ಜಿಲ್ಲಾ ಕೇಂದ್ರದಲ್ಲಿ ಸಿಕ್ಕಾರು. ನಾನು ತಿರುಗುವ ಹೋಬಳಿಗಳಲ್ಲಿ ಅವರನ್ನು ಕಂಡವರಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದದ್ದು ಒಳ್ಳೆಯದೇ. ಆದರೆ ಬಸ್ಸಿನ ಚೀಟಿ ಪುಕ್ಕಟೆಯಾದರೆ ಆ ದಿನದ ಕೂಲಿ ಬಂದೀತೇ?

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಒಂದು, ಅಧಿಕಾರಿಗಳದು: ಕಾಯಿಲೆ ಬಂದವರಿಗೆಲ್ಲ ಊಟ ಹಾಕುತ್ತಾ ಹೋದರೆ ಬೊಕ್ಕಸ ಏನಾಗಬೇಕು? ಇದಕ್ಕೆ ಸರ್ಕಾರವೇ ಉತ್ತರ ಕೊಟ್ಟಿದೆ. ಕ್ಷಯರೋಗಿಗಳಿಗೆ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿ, 2024ರ ನವೆಂಬರಿನಿಂದ ಅದನ್ನು ಸಾವಿರಕ್ಕೆ ಏರಿಸಿತು. ಅಲ್ಲಿ ಅನ್ನವೂ ಚಿಕಿತ್ಸೆಯೆಂದು ಒಪ್ಪಿದಂತಾಯಿತು. ಅದು ಬರಿಯ ಕರುಣೆಯೂ ಅಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಮುಂತಾದವನ್ನು ಕೊಟ್ಟು ನೋಡಿದರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಕ್ಷಯ ಬ್ಯಾಕ್ಟೀರಿಯದ ರೋಗ, ಇದು ವೈರಸ್ಸಿನದು, ನಿಜ. ಆದರೆ ಸವೆದ ದೇಹಕ್ಕೆ ಅನ್ನ ಬೇಕೆಂಬ ನಿಯಮ ಎರಡಕ್ಕೂ ಒಂದೇ. ಅದೇ ಸಾವಿರದಂತೆ ಮೂರು ತಿಂಗಳಿಗೆ ಮೂರು ಸಾವಿರ. ಕೂಲಿಯವಳು ಕಳೆದುಕೊಳ್ಳುವ 24 ಸಾವಿರದ ಎದುರು ಇದು ಎಂಟರಲ್ಲೊಂದು ಪಾಲು.

ಬಡವರ ತಟ್ಟೆಯ ಲೆಕ್ಕವನ್ನು ಮೇಲಿನವರು ತಪ್ಪಾಗಿ ಮಾಡುವುದು ಇದು ಮೊದಲಲ್ಲ. 1963ರಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ಎದ್ದುನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ವಾದಿಸಿದರು, ಸರ್ಕಾರ ಹದಿನೈದಾಣೆಯೆಂದಿತು. ಆಣೆಗಳು ಹೋಗಿ ರೂಪಾಯಿ ಬಂದಿವೆ. ಪೌಷ್ಟಿಕ ಆಹಾರ ಸೇವಿಸಿ ಎಂದು ಗೋಡೆಯ ಮೇಲೆ ಬರೆಸುವವರು ಆ ಆಹಾರದ ಬೆಲೆಯನ್ನೂ ಪಕ್ಕದಲ್ಲಿ ಬರೆಸಲಿ. ಆಗ ಲೆಕ್ಕ ಯಾರದು ಸರಿಯೆಂದು ಜನರೇ ಹೇಳುತ್ತಾರೆ.

ಎರಡನೆಯ ಆಕ್ಷೇಪಣೆ ನಮ್ಮವರದೇ. ಕಳೆದ ತಿಂಗಳ ತಾಲ್ಲೂಕು ಸಭೆಯಲ್ಲಿ ಒಬ್ಬ ಹಿರಿಯ ಸಂಗಾತಿ ಹೀಗೆಂದರು: "ಭೂಮಿ, ಕೂಲಿ, ನೀರು, ಇವು ಹೋರಾಟದ ವಿಷಯ. ಮೊಟ್ಟೆ ಹಂಚುವುದು, ಬೆರಳು ಮಡಿಸುವುದನ್ನು ಕಲಿಸುವುದು ಮಠಗಳಿಗೂ ರೋಟರಿಯವರಿಗೂ ಬಿಟ್ಟ ಕೆಲಸ. ಮೇಷ್ಟ್ರು ಪಕ್ಷವನ್ನು ಧರ್ಮಾಸ್ಪತ್ರೆ ಮಾಡಬೇಡಿ." ಅವರ ಮೇಲೆ ನನಗೆ ಅಪಾರ ಗೌರವವಿದೆ. ದಾನಧರ್ಮ ಬಡವನ ಕೋಪವನ್ನು ಮಲಗಿಸುತ್ತದೆಂಬ ಅವರ ಭಯವೂ ಸುಳ್ಳಲ್ಲ. ಆದರೂ ನಾನು ಒಪ್ಪಲಾರೆ. ಆ ದಿನ ಬದುವಿನ ಮೇಲೆ ಕುಳಿತಿದ್ದ ಅಕ್ಕ ನಮ್ಮ ಸಂಘದ ಸದಸ್ಯೆ. ಮೂರು ಸಭೆಗಳಿಗೆ ಬರಲಿಲ್ಲವೆಂದು ನಾವು ಅವರ ಹೆಸರನ್ನು ಪಟ್ಟಿಯಿಂದ ತೆಗೆಯುವವರಿದ್ದೆವು. ಏಕೆ ಬರಲಿಲ್ಲವೆಂದು ಕೇಳಿದವರು ಒಬ್ಬರೂ ಇಲ್ಲ. ಕಾರ್ಯದರ್ಶಿಯಾದ ನಾನೂ ಕೇಳಲಿಲ್ಲ. ಹಿಡಿ ಕಟ್ಟಲಾರದ ಕೈ ಮೆರವಣಿಗೆಯಲ್ಲಿ ಮುಷ್ಟಿ ಎತ್ತುವುದು ಹೇಗೆ? ಬಿದ್ದ ಸಂಗಾತಿಯನ್ನು ಎತ್ತುವುದು ದಾನವಲ್ಲ, ಸಂಘವೆಂಬ ಮಾತಿನ ಅರ್ಥವೇ ಅದು. ಎತ್ತುತ್ತಲೇ ಇದು ನಿನ್ನ ಹಕ್ಕು, ಕೊಡಬೇಕಾದವರು ಇವರು ಎಂದು ತೋರಿಸಿದರೆ ಅದು ಹೋರಾಟವೂ ಆಗುತ್ತದೆ.

ಆದುದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು. ಒಂದು: ಜ್ವರದ ಲೆಕ್ಕದ ಜೊತೆಗೆ ಜ್ವರ ಬಿಟ್ಟವರ ಲೆಕ್ಕವನ್ನೂ ಇಡತಕ್ಕದ್ದು, ಮೂರು ವಾರ, ಆರು ವಾರ, ಮೂರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸಬೇಕು, ಆ ಕೆಲಸಕ್ಕೆ ಆಕೆಗೆ ತಕ್ಕ ಸಂಭಾವನೆ ಕೊಡಬೇಕು. ಎರಡು: ವೈದ್ಯರು ಪೌಷ್ಟಿಕ ಆಹಾರವೆಂದು ಬರೆದ ಚೀಟಿ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯಬೇಕು, ಮೂರು ತಿಂಗಳು ಬೇಳೆ, ಕಾಳು, ಶೇಂಗಾ, ಎಣ್ಣೆ ಅದರ ಮೇಲೆ ಸಿಗಬೇಕು. ಮೂರು: ಕೃಷಿ ಕೂಲಿಕಾರರಿಗೂ ಕಾಯಿಲೆಯ ಕೂಲಿ ಬೇಕು, ಸಾರ್ವಜನಿಕ ಕಾಮಗಾರಿಗಳಲ್ಲಿ ಚೇತರಿಸಿಕೊಳ್ಳುತ್ತಿರುವವರಿಗೆ ಹಗುರ ಕೆಲಸ, ಪೂರ್ತಿ ಕೂಲಿ ಕೊಡಬೇಕು. ನಾಲ್ಕು: ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ವಾರದಲ್ಲಿ ಒಂದು ದಿನವಾದರೂ ಫಿಜಿಯೋಥೆರಪಿಯವರು ಬರಬೇಕು. ಐದು: ಕುಡಿಯುವ ನೀರು ದಿನವೂ ಬರಬೇಕು.

ಸರ್ಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘದಲ್ಲಿ ಮೂರು ಸಣ್ಣ ಕೆಲಸ ಆರಂಭಿಸಿದ್ದೇವೆ. ಕಾಯಿಲೆಯವರ ಮನೆಗೆ ನೀರು ಹೊರುವ ಸರದಿ ಹಾಕಿದ್ದೇವೆ, ಆ ಸರದಿಯಲ್ಲಿ ಗಂಡಸರ ಹೆಸರುಗಳೇ ಇವೆ. ಬೆಳೆದವರ ಮನೆಗಳಿಂದ ಹಿಡಿ ಹಿಡಿ ಹುರುಳಿ, ಶೇಂಗಾ ಎತ್ತುತ್ತಿದ್ದೇವೆ. ಭಾನುವಾರ ಬೆಳಗ್ಗೆ ಶಾಲೆಯ ಜಗಲಿಯ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಬೆರಳು ಮಡಿಸುತ್ತೇವೆ. ಮೊದಲ ವಾರ ನಾಲ್ವರು ಬಂದರು, ಈಗ ಹನ್ನೊಂದು ಮಂದಿ. ಇದರಿಂದ ಎಲ್ಲರೂ ಗುಣವಾದರೆಂದು ನಾನು ಹೇಳುವುದಿಲ್ಲ. ಇಬ್ಬರ ಕೀಲು ಇನ್ನೂ ಊದಿಯೇ ಇದೆ. ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಿದ್ದೇವೆ. ಚೀಟಿ ತೋರಿಸಿದ ಆ ಅಕ್ಕ ಕಳೆದ ಭಾನುವಾರ ಬಟ್ಟೆಯ ಸುರುಳಿಯನ್ನು ಹಿಂಡಿ, "ನೀರು ಬಂತು ನೋಡಿ ಮೇಷ್ಟ್ರೇ" ಎಂದರು. ಎರಡು ಹನಿ ಬಿದ್ದಿತ್ತು.

ಎಲ್ಲ ತಾಲ್ಲೂಕುಗಳ ಸಂಗಾತಿಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಭೆಯಲ್ಲಿ ಸದಸ್ಯರ ಪಟ್ಟಿ ತೆಗೆದು, ಬಾರದವರ ಹೆಸರಿನ ಮುಂದೆ ಗೀಟು ಎಳೆಯುವ ಮೊದಲು ಅವರ ಮನೆಗೆ ಹೋಗಿ ಬನ್ನಿ. ಜ್ವರ ಬಿಟ್ಟು ಎಷ್ಟು ದಿನವಾಯಿತು, ಊಟವೇನು, ಸಾಲವೆಷ್ಟು, ಹಿಡಿ ಕಟ್ಟಲಾಗುತ್ತದೆಯೇ, ಈ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಆ ಕಾಗದಗಳನ್ನು ಒಟ್ಟುಗೂಡಿಸಿ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡೋಣ. ವೈದ್ಯರ ಚೀಟಿಗೆ ಬೆಲೆ ಕೊಡದ ಸರ್ಕಾರ ಜನರ ಚೀಟಿಗೆ ಉತ್ತರ ಕೊಡಲಿ.